ಟೆನಿಸ್ ದುಡ್ಡಿನ ಸುದ್ದಿಯನ್ನು ಕೆಳಗಿನ ಸಾಲಿನಿಂದ ಓದಿ

ದೊಡ್ಡ ಟೆನಿಸ್ ಟೂರ್ನಿ ಹತ್ತಿರ ಬಂದಾಗಲೆಲ್ಲ ಚಾಂಪಿಯನ್‌ಗೆ ಇಷ್ಟು ಕೋಟಿ ಅಂತ ಒಂದು ಸುದ್ದಿ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಆಟಗಾರರು ಇನ್ನೂ ಜಾಸ್ತಿ ಕೇಳುತ್ತಿದ್ದಾರೆ ಅಂತ. ಎರಡನ್ನೂ ಒಟ್ಟಿಗೆ ಓದಿದವರಿಗೆ ಸಿಟ್ಟು ಬರುತ್ತದೆ, ಇಷ್ಟು ಕೊಟ್ಟರೂ ಸಾಲದಾ ಅಂತ. ಹಾಸನ, ಚಿಕ್ಕಮಗಳೂರು ಕಡೆ ಮಕ್ಕಳನ್ನು ಟೆನಿಸ್ ಕೋಚಿಂಗ್‌ಗೆ ಸೇರಿಸಿರುವ ಅಪ್ಪ ಅಮ್ಮಂದಿರಿಗೆ ಅದೇ ಸುದ್ದಿ ಬೇರೆ ಥರ ಕಾಣುತ್ತದೆ. ಮಗಳು ಚೆನ್ನಾಗಿ ಆಡಿಬಿಟ್ಟರೆ ಜೀವನಕ್ಕೆ ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ. ಇಬ್ಬರೂ ಓದಿರುವುದು ಪಟ್ಟಿಯ ಮೊದಲ ಸಾಲನ್ನು ಮಾತ್ರ.

ಪಟ್ಟಿಯನ್ನು ಪೂರ್ತಿ ಓದುವುದು ಹೇಗೆ, ಖರ್ಚು ಕಳೆಯುವುದು ಹೇಗೆ, ಈಗ ನಡೆಯುತ್ತಿರುವ ಜಗಳದಲ್ಲಿ ಯಾರು ಏನು ಕೇಳುತ್ತಿದ್ದಾರೆ ಅಂತ ತಿಳಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಒಂದು ಪೇಪರು, ಒಂದು ಪೆನ್ನು, ಮೊಬೈಲ್‌ನಲ್ಲಿರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಸೋತವರ ಸಾಲು ನೋಡಿ

ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಯುಎಸ್ ಓಪನ್ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಿಗೆ ಗ್ರ್ಯಾನ್‌ಸ್ಲಾಮ್ ಅನ್ನುತ್ತಾರೆ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನ ಮುಖ್ಯ ಸುತ್ತಿನಲ್ಲಿ 128 ಜನ ಆಡುತ್ತಾರೆ. ಅವರಲ್ಲಿ 64 ಜನ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಹೋಗುತ್ತಾರೆ. ಹಾಗಾಗಿ ಟೂರ್ನಿ ಬಹುಮಾನದ ಪಟ್ಟಿ ಪ್ರಕಟಿಸಿದಾಗ ಮೊದಲು ಹುಡುಕಬೇಕಾದ್ದು ಮೊದಲ ಸುತ್ತಿನಲ್ಲಿ ಸೋತವರಿಗೆ ಎಷ್ಟು ಅನ್ನುವುದನ್ನು. ಆಮೇಲೆ ಅರ್ಹತಾ ಸುತ್ತಿನಲ್ಲಿ, ಅಂದರೆ ಮುಖ್ಯ ಸುತ್ತಿಗೆ ಬರಲು ಮೊದಲು ಆಡುವ ಪಂದ್ಯಗಳಲ್ಲಿ, ಸೋತವರಿಗೆ ಎಷ್ಟು ಅಂತ ನೋಡಿ. ಚಾಂಪಿಯನ್ ಮೊತ್ತ ಹೇಗೂ ಕಣ್ಣಿಗೆ ಬಿದ್ದೇ ಬೀಳುತ್ತದೆ, ಅದನ್ನು ಕೊನೆಗೆ ಬರೆದುಕೊಳ್ಳಿ.

ನಂತರ ಹಿಂದಿನ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಸಾಲು ಶೇಕಡಾ ಎಷ್ಟು ಏರಿದೆ ಅಂತ ಲೆಕ್ಕ ಹಾಕಿ. ಪಟ್ಟಿಯ ನಿಜವಾದ ಸುದ್ದಿ ಇರುವುದು ಇಲ್ಲಿ.

2025ರ ಯುಎಸ್ ಓಪನ್ ತೆಗೆದುಕೊಳ್ಳೋಣ. ಒಟ್ಟು ಮೊತ್ತ 7.5 ಕೋಟಿ ಡಾಲರ್‌ನಿಂದ 9 ಕೋಟಿ ಡಾಲರ್‌ಗೆ ಏರಿತು, ಅಂದರೆ ಶೇ 20. ಟೆನಿಸ್‌ನಲ್ಲಿ ಇದುವರೆಗಿನ ಅತಿ ದೊಡ್ಡ ಮೊತ್ತ ಅಂತ ಎಲ್ಲ ಕಡೆ ಬಂತು. ಗೆದ್ದ ಕಾರ್ಲೊಸ್ ಅಲ್ಕರಾಜ್ ಮತ್ತು ಅರಿನಾ ಸಬಲೆಂಕಾ ಇಬ್ಬರಿಗೂ ತಲಾ 50 ಲಕ್ಷ ಡಾಲರ್ ಸಿಕ್ಕಿತು. ಹಿಂದಿನ ವರ್ಷ ಅದು 36 ಲಕ್ಷ ಇತ್ತು, ಹಾಗಾಗಿ ಏರಿಕೆ ಹತ್ತಿರ ಹತ್ತಿರ ಶೇ 39. ಈಗ ಕೆಳಗಿನ ಸಾಲಿಗೆ ಬನ್ನಿ. ಮೊದಲ ಸುತ್ತಿನಲ್ಲಿ ಸೋತವರಿಗೆ 1 ಲಕ್ಷ ಇದ್ದದ್ದು 1 ಲಕ್ಷ 10 ಸಾವಿರ ಆಯಿತು. ಬರೀ ಶೇ 10. ಒಟ್ಟು ಮೊತ್ತ ಏರಿದ್ದು ನಿಜ, ಆದರೆ ಅದರಲ್ಲಿ ದೊಡ್ಡ ಪಾಲು ಮೇಲಿನವರಿಗೆ ಹೋಯಿತು.

ಆದರೆ ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ. ಅದೇ ಟೂರ್ನಿಯ 2019ರ ಪಟ್ಟಿ ತೆಗೆದು ನೋಡಿ. ಆಗ ಚಾಂಪಿಯನ್‌ಗೆ 38.5 ಲಕ್ಷ ಡಾಲರ್, ಮೊದಲ ಸುತ್ತಿನವರಿಗೆ 58 ಸಾವಿರ. ಆರು ವರ್ಷದ ಲೆಕ್ಕ ಹಿಡಿದರೆ ಚಾಂಪಿಯನ್ ಮೊತ್ತ ಸುಮಾರು ಶೇ 30 ಏರಿದೆ, ಮೊದಲ ಸುತ್ತಿನದ್ದು ಹತ್ತಿರ ಹತ್ತಿರ ಶೇ 90 ಏರಿದೆ! ನಡುವಿನ ವರ್ಷಗಳಲ್ಲಿ ಚಾಂಪಿಯನ್ ಮೊತ್ತವನ್ನು ಇಳಿಸಿ ಕೆಳಗಿನವರಿಗೆ ಜಾಸ್ತಿ ಕೊಟ್ಟಿದ್ದರು, 2025ರಲ್ಲಿ ಮತ್ತೆ ಮೇಲಕ್ಕೆ ವಾಲಿದರು. ಒಂದೇ ಟೂರ್ನಿ, ಎರಡು ಲೆಕ್ಕ, ಎರಡೂ ಸರಿ. ಆದ್ದರಿಂದ ಯಾರಾದರೂ ಶೇಕಡಾ ಲೆಕ್ಕ ಮುಂದಿಟ್ಟು ವಾದ ಮಾಡಿದರೆ ಮೊದಲು ಯಾವ ವರ್ಷದಿಂದ ಯಾವ ವರ್ಷಕ್ಕೆ ಅಂತ ಕೇಳಿ.

ವಿಂಬಲ್ಡನ್ 2025ರಲ್ಲಿ ಹಂಚಿದ ರೀತಿ ಇನ್ನೂ ಸಮವಾಗಿತ್ತು. ಚಾಂಪಿಯನ್‌ಗೆ 27 ಲಕ್ಷ ಪೌಂಡ್‌ನಿಂದ 30 ಲಕ್ಷ, ಮೊದಲ ಸುತ್ತಿಗೆ 60 ಸಾವಿರದಿಂದ 66 ಸಾವಿರ. ಎರಡೂ ಹೆಚ್ಚು ಕಡಿಮೆ ಒಂದೇ ಪ್ರಮಾಣ. 2026ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಚಾಂಪಿಯನ್‌ಗೆ 35 ಲಕ್ಷ ಆಸ್ಟ್ರೇಲಿಯನ್ ಡಾಲರ್‌ನಿಂದ 41.5 ಲಕ್ಷ, ಮೊದಲ ಸುತ್ತಿಗೆ 1 ಲಕ್ಷ 32 ಸಾವಿರದಿಂದ ಒಂದೂವರೆ ಲಕ್ಷ, ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೆ 35 ಸಾವಿರದಿಂದ 40,500. ಶೇಕಡಾ ಎಷ್ಟೆಷ್ಟು ಅಂತ ನೀವೇ ಹಾಕಿ ನೋಡಿ, ಒಂದು ಸಲ ಮಾಡಿದರೆ ಕೈಗೆ ಬಂದುಬಿಡುತ್ತದೆ. ಕರೆನ್ಸಿ ಮಾತ್ರ ನೋಡಿಕೊಳ್ಳಿ. ಆಸ್ಟ್ರೇಲಿಯನ್ ಡಾಲರನ್ನು ಅಮೆರಿಕನ್ ಡಾಲರ್ ಅಂದುಕೊಂಡರೆ ರೂಪಾಯಿ ಲೆಕ್ಕವೆಲ್ಲ ಹಾಳು.

ಆಮೇಲೆ ಖರ್ಚು ಕಳೆಯಿರಿ

ಬಹುಮಾನದ ಹಣ ಸಂಬಳ ಅಲ್ಲ. ಕಾಫಿ ಚೀಲಕ್ಕೆ ಇಷ್ಟು ರೇಟು ಅಂತ ಪೇಪರ್‌ನಲ್ಲಿ ನೋಡಿದವರು ತೋಟದವರಿಗೆ ಭಾರಿ ಲಾಭ ಅಂದುಕೊಳ್ಳುತ್ತಾರೆ. ಕುಯ್ಲಿನ ಕೂಲಿ, ಗೊಬ್ಬರ, ಸ್ಪ್ರೇ, ಕಸಿ, ಬ್ಯಾಂಕಿನ ಬಡ್ಡಿ ಎಲ್ಲ ಕಳೆದ ಮೇಲೆ ಉಳಿಯುವುದು ಎಷ್ಟು ಅಂತ ತೋಟದವರಿಗೇ ಗೊತ್ತು. ಟೆನಿಸ್ ಲೆಕ್ಕವೂ ಹಾಗೆಯೇ. ಕ್ರಿಕೆಟ್ ತಂಡದಲ್ಲಿದ್ದರೆ ವಿಮಾನ, ಹೋಟೆಲ್, ಕೋಚ್, ಫಿಸಿಯೊ ಎಲ್ಲ ಮಂಡಳಿಯೋ ಫ್ರಾಂಚೈಸಿಯೋ ನೋಡಿಕೊಳ್ಳುತ್ತದೆ. ಟೆನಿಸ್‌ನಲ್ಲಿ ಕೋಚ್ ಸಂಬಳ, ಅವರ ಟಿಕೆಟ್, ಫಿಸಿಯೊ, ವೀಸಾ, ರಾಕೆಟ್‌ಗೆ ಸ್ಟ್ರಿಂಗ್ ಹಾಕಿಸುವುದು, ಎಲ್ಲ ಆಟಗಾರನ ಜೇಬಿನಿಂದ. ಕಾಲು ಉಳುಕಿ ನಾಲ್ಕು ತಿಂಗಳು ಕೂತರೆ ಬಹುಮಾನ ಸೊನ್ನೆ.

ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಸುಮಿತ್ ನಗಾಲ್ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೋ ಅಂತ ಹೇಳಿದರು. ಆಗ ಅವರು ಸಿಂಗಲ್ಸ್‌ನಲ್ಲಿ ದೇಶದ ನಂಬರ್ ಒನ್. ಆ ವರ್ಷ ಅಲ್ಲಿಯವರೆಗೆ 24 ಟೂರ್ನಿ ಆಡಿ ಸುಮಾರು 65 ಲಕ್ಷ ರೂಪಾಯಿ ಗೆದ್ದಿದ್ದರು. ಒಬ್ಬ ಕೋಚ್ ಜೊತೆ ವರ್ಷ ಪೂರ್ತಿ ಓಡಾಡಲು 80 ಲಕ್ಷದಿಂದ ಒಂದು ಕೋಟಿ ಬೇಕಿತ್ತು. ಬಹುಮಾನ, ಇಂಡಿಯನ್ ಆಯಿಲ್ ಸಂಬಳ, ಒಂದು ಪ್ರತಿಷ್ಠಾನದ ನೆರವು, ಎಲ್ಲ ಆಟಕ್ಕೇ ಹೋಗುತ್ತಿತ್ತು. ಆ ವರ್ಷ ಅವರಿಗೆ ಸಿಕ್ಕ ಅತಿ ದೊಡ್ಡ ಚೆಕ್ ಯಾವುದು ಗೊತ್ತಾ? ಯುಎಸ್ ಓಪನ್ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತಾಗ ಬಂದ 22 ಸಾವಿರ ಡಾಲರ್. ಸಣ್ಣ ಟೂರ್ನಿಗಳಲ್ಲಿ ಗೆದ್ದು ಬಂದ ಹಣಕ್ಕಿಂತ ದೊಡ್ಡ ಟೂರ್ನಿಯಲ್ಲಿ ಸೋತು ಬಂದ ಹಣ ಜಾಸ್ತಿ. ಕೆಳಗಿನ ಸಾಲು ಮೊದಲು ಓದಿ ಅಂತ ನಾನು ಹೇಳುವುದಕ್ಕೆ ಇದೇ ಕಾರಣ. ರ‍್ಯಾಂಕಿಂಗ್‌ನಲ್ಲಿ 100ರಿಂದ 250ರ ಒಳಗಿನವರು ವರ್ಷ ತಳ್ಳುವುದೇ ಗ್ರ್ಯಾನ್‌ಸ್ಲಾಮ್ ಅರ್ಹತಾ ಸುತ್ತಿನ ಹಣ ನಂಬಿಕೊಂಡು. ಅದಾದ ನಾಲ್ಕೇ ತಿಂಗಳಿಗೆ, 2024ರ ಜನವರಿಯಲ್ಲಿ, ನಗಾಲ್ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದು ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬಬ್ಲಿಕ್‌ರನ್ನು ಸೋಲಿಸಿದರು. ಎರಡನೇ ಸುತ್ತಿಗೆ ಹೋಗಿದ್ದಕ್ಕೆ 1 ಲಕ್ಷ 80 ಸಾವಿರ ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಆ ಒಂದು ವಾರ ಇಲ್ಲದಿದ್ದರೆ ಅವರ ಗತಿ ಏನಾಗುತ್ತಿತ್ತು ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಇನ್ನೂ ಕೆಳಗೆ ಇಳಿಯೋಣ. ವೃತ್ತಿಪರ ಟೆನಿಸ್‌ನ ಮೊದಲ ಮೆಟ್ಟಿಲು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಎಂ15 (ಪುರುಷರದು), ಡಬ್ಲ್ಯು15 (ಮಹಿಳೆಯರದು) ಟೂರ್ನಿಗಳು. ನಮ್ಮ ರಾಜ್ಯದಲ್ಲೂ ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿಯಲ್ಲಿ ಐಟಿಎಫ್ ಟೂರ್ನಿಗಳು ನಡೆದಿವೆ. 15 ಅಂದರೆ ಇಡೀ ಟೂರ್ನಿಯ ಬಹುಮಾನ ಸೇರಿ 15 ಸಾವಿರ ಡಾಲರ್. ಸಿಂಗಲ್ಸ್ ಗೆದ್ದವನಿಗೆ 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವನಿಗೆ 156 ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ ಗೆದ್ದವನಿಗೆ ಎರಡು ಲಕ್ಷಕ್ಕೆ ಕೊಂಚ ಕಡಿಮೆ, ಸೋತವನಿಗೆ ಸುಮಾರು 14 ಸಾವಿರ. ಇದರಲ್ಲಿ ಟೂರ್ನಿ ನಡೆಯುವ ಊರಿಗೆ ಹೋಗಬೇಕು, ಒಂದು ವಾರ ರೂಮು ಮಾಡಬೇಕು, ಊಟ ಮಾಡಬೇಕು. ಬೇರೆ ದೇಶದಲ್ಲಾದರೆ ವಿಮಾನದ ಟಿಕೆಟ್‌ಗೂ ಸಾಲದು. ಟೂರ್ನಿಯ ದರ್ಜೆಯ ಪಕ್ಕ ಪ್ಲಸ್ ಎಚ್ ಅಂತ ಇದ್ದರೆ ವಸತಿ ಕೊಡುತ್ತಾರೆ ಅಂತ ಅರ್ಥ, ಅಂಥವನ್ನು ಹುಡುಕಿ ಆಡುವವರು ತುಂಬ ಜನ.

ಐಟಿಎಫ್ ತಾನೇ 2013ರ ಅಂಕಿ ಅಂಶ ಇಟ್ಟುಕೊಂಡು ಲೆಕ್ಕ ಹಾಕಿತ್ತು. ಪುರುಷರಲ್ಲಿ 336ನೇ ರ‍್ಯಾಂಕ್, ಮಹಿಳೆಯರಲ್ಲಿ 253ನೇ ರ‍್ಯಾಂಕ್, ಅಲ್ಲಿಗೆ ಖರ್ಚು ಮತ್ತು ಗಳಿಕೆ ಸಮ. ಅದೂ ಕೋಚ್ ಖರ್ಚು ಸೇರಿಸದೆ! ಅದಕ್ಕಿಂತ ಕೆಳಗಿನ ರ‍್ಯಾಂಕಿನವರು ಕೈಯಿಂದ ಹಾಕಿ ಆಡುತ್ತಿದ್ದರು. 2018ರಲ್ಲಿ ಬಂದ ಸ್ವತಂತ್ರ ಸಮಿತಿಯ ವರದಿ ಇದನ್ನೇ ಮ್ಯಾಚ್ ಫಿಕ್ಸಿಂಗ್‌ಗೆ ಜೋಡಿಸಿ ಹೇಳಿತು. ಊಟಕ್ಕೆ ಕಷ್ಟ ಇರುವ ಕಡೆಯೇ ಬುಕ್ಕಿಗಳು ಬಂದು ನಿಲ್ಲುತ್ತಾರೆ.

ತೆರಿಗೆ ಮರೆಯಬೇಡಿ. ಅಮೆರಿಕದಲ್ಲಿ ವಿದೇಶಿ ಆಟಗಾರರ ಬಹುಮಾನದಲ್ಲಿ ಸಾಮಾನ್ಯವಾಗಿ ಶೇ 30 ಮೊದಲೇ ಹಿಡಿದುಕೊಳ್ಳುತ್ತಾರೆ. ಯುಎಸ್ ಓಪನ್ ಮೊದಲ ಸುತ್ತಿನ 1 ಲಕ್ಷ 10 ಸಾವಿರದಲ್ಲಿ ಕೈಗೆ ಬರುವುದು 77 ಸಾವಿರ, ಕೋಚ್ ಪಾಲು ಕೊಡಬೇಕಾದ್ದೂ ಅದರಲ್ಲೇ.

ಜಗಳ ಯಾರ ನಡುವೆ ಅಂತ ಬಿಡಿಸಿಕೊಳ್ಳಿ

ಇಲ್ಲಿ ಜನ ಗೊಂದಲ ಮಾಡಿಕೊಳ್ಳುವುದೇ ಜಾಸ್ತಿ, ಯಾಕೆಂದರೆ ಈಗ ನಡೆಯುತ್ತಿರುವುದು ಒಂದಲ್ಲ, ಎರಡು ಬೇರೆ ಬೇರೆ ಹೋರಾಟ. ಸುದ್ದಿ ಓದುವಾಗ ಯಾವುದರ ಬಗ್ಗೆ ಅಂತ ಮೊದಲು ಗುರುತಿಸಿಕೊಳ್ಳಿ.

ಒಂದು, ಮೇಲಿನ ರ‍್ಯಾಂಕಿನ ಆಟಗಾರರ ಪತ್ರ. ಪುರುಷ, ಮಹಿಳೆಯರ ಅಗ್ರ ಆಟಗಾರರು ಸೇರಿ 2025ರಲ್ಲಿ ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಿಗೆ ಬರೆದರು. ಆದಾಯದಲ್ಲಿ ಆಟಗಾರರ ಪಾಲು ಹೆಚ್ಚಬೇಕು, 2030ರ ಹೊತ್ತಿಗೆ ಶೇ 22 ಆಗಬೇಕು, ಪಿಂಚಣಿ, ಆರೋಗ್ಯ, ಹೆರಿಗೆ ಸಮಯದ ನೆರವಿಗೆ ಹಣ ಇಡಬೇಕು, ವೇಳಾಪಟ್ಟಿ ಮಾಡುವಾಗ ನಮ್ಮನ್ನೂ ಕೇಳಬೇಕು ಅನ್ನುವುದು ಅವರ ಬೇಡಿಕೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆದಾಯದ ಸುಮಾರು ಅರ್ಧ ಆಟಗಾರರಿಗೆ ಹೋಗುತ್ತದೆ, ಟೆನಿಸ್‌ನಲ್ಲಿ ಯಾಕೆ ಇಷ್ಟು ಕಡಿಮೆ ಅನ್ನುವುದು ಇವರ ಪ್ರಶ್ನೆ.

ಎರಡು, ಕೋರ್ಟಿನ ಕೇಸು. ಪಿಟಿಪಿಎ ಅನ್ನುವ ಆಟಗಾರರ ಸಂಘವನ್ನು ನೊವಾಕ್ ಜೊಕೊವಿಚ್ ಮತ್ತು ವಾಸೆಕ್ ಪೊಸ್ಪಿಸಿಲ್ 2020ರಲ್ಲಿ ಶುರು ಮಾಡಿದ್ದರು. ಆ ಸಂಘ 2025ರ ಮಾರ್ಚ್‌ನಲ್ಲಿ ಪುರುಷರ ಟೂರ್ ನಡೆಸುವ ಎಟಿಪಿ, ಮಹಿಳೆಯರ ಟೂರ್ ನಡೆಸುವ ಡಬ್ಲ್ಯುಟಿಎ, ಐಟಿಎಫ್ ಮತ್ತು ಫಿಕ್ಸಿಂಗ್ ತನಿಖೆ ಮಾಡುವ ಐಟಿಐಎ ಮೇಲೆ ನ್ಯೂಯಾರ್ಕ್ ಕೋರ್ಟಿಗೆ ಹೋಯಿತು. ಇವರೆಲ್ಲ ಸೇರಿ ಸ್ಪರ್ಧೆಯೇ ಇಲ್ಲದ ಹಾಗೆ ಮಾಡಿ ಬಹುಮಾನಕ್ಕೆ ಮಿತಿ ಹಾಕಿದ್ದಾರೆ ಅನ್ನುವುದು ಆರೋಪ. ಎಟಿಪಿ, ಡಬ್ಲ್ಯುಟಿಎ ಎರಡೂ ಅದನ್ನು ತಳ್ಳಿಹಾಕಿವೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗ್ರ್ಯಾನ್‌ಸ್ಲಾಮ್‌ಗಳನ್ನೂ ಕೇಸಿಗೆ ಸೇರಿಸಿದರು. 2026ರ ಜನವರಿಯಲ್ಲಿ ಜೊಕೊವಿಚ್ ಪಿಟಿಪಿಎಯಿಂದ ಪೂರ್ತಿ ಹೊರಗೆ ಬಂದರು. ಕೇಸು ಹಾಕಿದಾಗಲೂ ಅವರ ಹೆಸರು ಅದರಲ್ಲಿ ಇರಲಿಲ್ಲ. ಆದ್ದರಿಂದ ಜೊಕೊವಿಚ್ ಕೇಸು ಅಂತ ಯಾರಾದರೂ ಬರೆದರೆ ನಂಬಬೇಡಿ.

ಗ್ರ್ಯಾನ್‌ಸ್ಲಾಮ್‌ಗಳಿಗೂ ಅವರದೇ ವಾದ ಇದೆ, ಅದನ್ನೂ ಕೇಳಿಸಿಕೊಳ್ಳಬೇಕು. ಇವನ್ನು ನಡೆಸುವುದು ಲಾಭದ ಕಂಪನಿಗಳಲ್ಲ, ಆಯಾ ದೇಶದ ಟೆನಿಸ್ ಸಂಸ್ಥೆಗಳು. ವಿಂಬಲ್ಡನ್ ಮಾತ್ರ ಆಲ್ ಇಂಗ್ಲೆಂಡ್ ಕ್ಲಬ್‌ನದು, ಅದರ ಉಳಿಕೆ ಹಣವೂ ಬ್ರಿಟನ್‌ನ ಟೆನಿಸ್ ಸಂಸ್ಥೆಗೆ ಹೋಗುತ್ತದೆ. ಆ ಹಣದಲ್ಲಿ ಮಕ್ಕಳ ಟೆನಿಸ್, ಕೋರ್ಟು, ಕೋಚ್ ತರಬೇತಿ ನಡೆಯುತ್ತದೆ. ಮಾತು ನಿಜ. ಆದರೆ ಆ ಕೋರ್ಟು, ಆ ಕೋಚು ಇರುವುದು ಮೆಲ್ಬರ್ನ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಇರುವ ದೇಶಗಳಲ್ಲಿ. ಮೂಡಿಗೆರೆ ಹುಡುಗನಿಗೋ ಅರಸೀಕೆರೆ ಹುಡುಗಿಗೋ ಗ್ರ್ಯಾನ್‌ಸ್ಲಾಮ್ ಹಣ ಮುಟ್ಟುವ ದಾರಿ ಹೆಚ್ಚಾಗಿ ಒಂದೇ, ಅದು ಬಹುಮಾನದ ಪಟ್ಟಿಯ ಕೆಳಗಿನ ಸಾಲು. ಹಾಗಾಗಿ ನನ್ನ ಮನಸ್ಸು ಆಟಗಾರರ ಕಡೆಗಿದೆ. ಆದರೆ ಹೆಚ್ಚುವ ಹಣ ಅರ್ಹತಾ ಸುತ್ತಿಗೆ ಬರಬೇಕು, ಚಾಂಪಿಯನ್ ಚೆಕ್ ಉದ್ದವಾದರೆ ಏನೂ ಬದಲಾಗುವುದಿಲ್ಲ.

ಒಳ್ಳೆಯದೂ ಆಗಿದೆ. ಎಟಿಪಿ 2024ರಿಂದ ಕನಿಷ್ಠ ಆದಾಯದ ಖಾತ್ರಿ ಕೊಡುತ್ತಿದೆ. ಶುರುವಿನಲ್ಲಿ ಇಟ್ಟ ಮೊತ್ತ ಮೊದಲ 100 ರ‍್ಯಾಂಕಿನವರಿಗೆ 3 ಲಕ್ಷ ಡಾಲರ್, 101ರಿಂದ 175ರವರೆಗೆ ಒಂದೂವರೆ ಲಕ್ಷ, 176ರಿಂದ 250ರವರೆಗೆ 75 ಸಾವಿರ. ವರ್ಷದ ಬಹುಮಾನ ಅದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಎಟಿಪಿ ತುಂಬಿಕೊಡುತ್ತದೆ. ಮಹಿಳಾ ಆಟಗಾರ್ತಿಯರಿಗೆ 2025ರಿಂದ 12 ತಿಂಗಳವರೆಗೆ ಸಂಬಳ ಸಹಿತ ಹೆರಿಗೆ ರಜೆ ಬಂದಿದೆ. ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ 2007ರಿಂದ ಗಂಡು ಹೆಣ್ಣು ಇಬ್ಬರಿಗೂ ಸಮ ಬಹುಮಾನ ಇದೆ, ಯುಎಸ್ ಓಪನ್ ಅದನ್ನು 1973ರಲ್ಲೇ ಮಾಡಿತ್ತು. ಬೇರೆ ಟೂರ್ನಿಗಳಲ್ಲಿ ಇನ್ನೂ ವ್ಯತ್ಯಾಸ ಇದೆ. ಇಬ್ಬರೂ ಒಟ್ಟಿಗೆ ಆಡುವ ದೊಡ್ಡ ಟೂರ್ನಿಗಳಲ್ಲಿ 2027ಕ್ಕೆ, ಉಳಿದ ದೊಡ್ಡವುಗಳಲ್ಲಿ 2033ಕ್ಕೆ ಸಮ ಮಾಡುವ ಗುರಿ ಡಬ್ಲ್ಯುಟಿಎಯದು.

ಬಹಿಷ್ಕಾರ ಅನ್ನುವ ಪದ ಸುದ್ದಿಯಲ್ಲಿ ಬಂದರೆ ಗಾಬರಿ ಬೇಡ. ಆಟಗಾರರು ಗುಂಪಾಗಿ ಗ್ರ್ಯಾನ್‌ಸ್ಲಾಮ್ ಬಿಟ್ಟದ್ದು 1973ರ ವಿಂಬಲ್ಡನ್‌ನಲ್ಲಿ, 81 ಜನ. ಅದೂ ದುಡ್ಡಿಗಲ್ಲ, ನಿಕೊಲಾ ಪಿಲಿಚ್ ಅನ್ನುವ ಆಟಗಾರನನ್ನು ಅಮಾನತು ಮಾಡಿದ್ದಕ್ಕೆ.

ಪ್ರದರ್ಶನ ಪಂದ್ಯ, ಡಬಲ್ಸ್: ಬೇರೆ ಬರೆದಿಡಿ

ರಿಯಾದ್‌ನಲ್ಲಿ ನಡೆಯುವ ಸಿಕ್ಸ್ ಕಿಂಗ್ಸ್ ಸ್ಲಾಮ್ 2024ರಲ್ಲಿ ಗೆದ್ದ ಯಾನಿಕ್ ಸಿನ್ನರ್‌ಗೆ 60 ಲಕ್ಷ ಡಾಲರ್ ಸಿಕ್ಕಿತು. ಅದು ಪ್ರದರ್ಶನ ಪಂದ್ಯ, ರ‍್ಯಾಂಕಿಂಗ್ ಪಾಯಿಂಟ್ ಇಲ್ಲ, ಕರೆದವರು ಮಾತ್ರ ಆಡುತ್ತಾರೆ. ಈ ಹಣವನ್ನು ಟೂರ್ ಬಹುಮಾನದ ಜೊತೆ ಕೂಡಿಸಿ ಟೆನಿಸ್‌ನಲ್ಲಿ ದುಡ್ಡು ಹರಿಯುತ್ತಿದೆ ಅಂದರೆ ಲೆಕ್ಕ ತಪ್ಪುತ್ತದೆ.

ಡಬಲ್ಸ್ ವಿಷಯ ನಮಗೆ ಹತ್ತಿರದ್ದು. ಪಕ್ಕದ ಕೊಡಗಿನ ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರ ಜನವರಿಯಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ನಮ್ಮ ತೋಟಗಳಲ್ಲೆಲ್ಲ ಕುಯ್ಲು ನಡೆಯುವ ಸಮಯ ಅದು. ಆ ಗೆಲುವಿಗೆ ಜೋಡಿಗೆ ಸಿಕ್ಕಿದ್ದು 7.3 ಲಕ್ಷ ಆಸ್ಟ್ರೇಲಿಯನ್ ಡಾಲರ್, ತಲಾ 3.65 ಲಕ್ಷ. ಅದೇ ಟೂರ್ನಿಯಲ್ಲಿ ಸಿಂಗಲ್ಸ್ ನಾಲ್ಕನೇ ಸುತ್ತಿನಲ್ಲಿ ಸೋತವರಿಗೆ 3.75 ಲಕ್ಷ. ಚಾಂಪಿಯನ್ ಆದರೂ ಡಬಲ್ಸ್ ಆಟಗಾರನಿಗೆ ಅಷ್ಟೇ. ಡಬಲ್ಸ್ ಮೊತ್ತ ಓದುವಾಗ ಅದು ಜೋಡಿಗೋ ಒಬ್ಬರಿಗೋ ಅಂತ ನೋಡಿ. 2025ರ ಯುಎಸ್ ಓಪನ್ ಮಿಶ್ರ ಡಬಲ್ಸ್ ಗೆದ್ದ ಸಾರಾ ಎರಾನಿ ಮತ್ತು ಆಂಡ್ರಿಯಾ ವಾವಸ್ಸೊರಿಗೆ ಸಿಕ್ಕ 10 ಲಕ್ಷ ಡಾಲರ್ ಕೂಡ ಜೋಡಿಯದು. ಆ ಸಲ ಸಿಂಗಲ್ಸ್ ತಾರೆಯರಿಗೇ ಜಾಗ ಜಾಸ್ತಿ ಕೊಟ್ಟು ಡಬಲ್ಸ್ ನಂಬಿಕೊಂಡವರನ್ನು ಹೊರಗಿಟ್ಟರು ಅಂತ ದೂರು ಇತ್ತು, ಕೊನೆಗೆ ಗೆದ್ದದ್ದು ಡಬಲ್ಸ್ ಬಲ್ಲ ಜೋಡಿಯೇ.

ಮಗ ಅಥವಾ ಮಗಳು ಆಡುತ್ತಿದ್ದರೆ

ಹಾಸನ, ಚಿಕ್ಕಮಗಳೂರಿನಲ್ಲಿ ಕುಳಿತು ಬಜೆಟ್ ಹಾಕುವವರು ಬೆಂಗಳೂರಿನವರ ಲೆಕ್ಕ ನಕಲು ಮಾಡಬೇಡಿ. ಮಲೆನಾಡಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಹೊರಗಿನ ಕೋರ್ಟ್ ಒಣಗುವುದೇ ಇಲ್ಲ. ಆ ತಿಂಗಳುಗಳಲ್ಲಿ ಮಗು ಎಲ್ಲಿ ಅಭ್ಯಾಸ ಮಾಡುತ್ತದೆ, ಬೆಂಗಳೂರಿಗೋ ಮೈಸೂರಿಗೋ ಕಳಿಸುವುದಾದರೆ ಅಲ್ಲಿ ಇರುವುದಕ್ಕೆ ಎಷ್ಟು, ಜೊತೆಗೆ ಯಾರು ಹೋಗುತ್ತಾರೆ, ಇದು ನಿಮ್ಮ ಪಟ್ಟಿಯ ಮೊದಲ ಸಾಲಾಗಲಿ. ಆಮೇಲೆ ಪ್ರಯಾಣ, ಕೋಚಿಂಗ್ ಫೀಸು, ಶೂ, ಸ್ಟ್ರಿಂಗ್, ಚೆಂಡು. ಶೂ ಮತ್ತು ಸ್ಟ್ರಿಂಗ್ ಎಷ್ಟು ಬೇಗ ಹೋಗುತ್ತವೆ ಅಂತ ಆಡಿಸಿದವರನ್ನು ಕೇಳಿ, ಹೊಸಬರು ಇದನ್ನು ಯಾವಾಗಲೂ ಕಡಿಮೆ ಬರೆಯುತ್ತಾರೆ.

ದೇಶದ ಟೆನಿಸ್ ಸಂಸ್ಥೆಯಾದ ಎಐಟಿಎಯಲ್ಲಿ ನೋಂದಣಿ ಮಾಡಿಸಿ 12, 14, 16, 18 ವಯಸ್ಸಿನೊಳಗಿನ ಟೂರ್ನಿಗಳಿಂದ ಶುರು ಮಾಡಿ. ಮೊದಲು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ್ದು ಆಡಿಸಿ. ಐಟಿಎಫ್ ಜೂನಿಯರ್ ಟೂರ್ನಿಗಳಲ್ಲಿ ಬಹುಮಾನದ ಹಣವೇ ಇಲ್ಲ, ಪಾಯಿಂಟ್ ಮಾತ್ರ. ಅಂದರೆ 18 ವರ್ಷದವರೆಗೆ ಬರೀ ಖರ್ಚು, ಅದಾದ ಮೇಲೂ ಎಂ15, ಡಬ್ಲ್ಯು15ನಲ್ಲಿ ವರ್ಷಗಟ್ಟಲೆ ಕೈಯಿಂದಲೇ ಹಾಕಬೇಕು. ಈ ಮಾತನ್ನು ಮಗುವಿನ ಆಟ ನೋಡಿ ಹಿಗ್ಗಿರುವ ಅಜ್ಜ ಅಜ್ಜಿಗೂ ಹೇಳಿ. ತೋಟ ಅಡ ಇಟ್ಟು ಆಡಿಸುವ ಮುಂಚೆ ಮೂರು ವರ್ಷದ ಖರ್ಚು ಒಂದು ಕಡೆ, 156 ಡಾಲರ್ ಒಂದು ಕಡೆ ಬರೆದು ಮನೆಯವರೆಲ್ಲ ಕೂತು ನೋಡಿ. ಆಟ ಬಿಡಿಸಿ ಅಂತ ಹೇಳುತ್ತಿಲ್ಲ. ಎಷ್ಟು ವರ್ಷ, ಎಷ್ಟು ದುಡ್ಡು, ಅಲ್ಲಿಯವರೆಗೆ ಯಾವ ರ‍್ಯಾಂಕ್ ಬರಬೇಕು ಅಂತ ಮೊದಲೇ ಮಾತಾಡಿಕೊಂಡರೆ ಮಗುವಿನ ಮೇಲೆ ಹೊರೆ ಬೀಳುವುದಿಲ್ಲ.

ಅಮೆರಿಕದ ಕಾಲೇಜು ದಾರಿಯನ್ನೂ ಈಗಿನಿಂದಲೇ ತಿಳಿದುಕೊಳ್ಳಿ. ಟೆನಿಸ್ ಆಡುವವರಿಗೆ ಓದಿನ ಖರ್ಚು ಕೊಡುವ ಕಾಲೇಜುಗಳಿವೆ, ಅಲ್ಲಿಂದ ಬಂದು ವೃತ್ತಿಪರರಾದವರು ತುಂಬ ಜನ. ಆದರೆ ಬಹುಮಾನದ ಹಣದ ಬಗ್ಗೆ ಅಲ್ಲಿ ನಿಯಮ ಇದೆ. ರೀಸ್ ಬ್ರ್ಯಾಂಟ್‌ಮೇಯರ್ ಅನ್ನುವ ಹುಡುಗಿ 2021ರ ಯುಎಸ್ ಓಪನ್‌ನಲ್ಲಿ 48,913 ಡಾಲರ್ ಗೆದ್ದಿದ್ದಳು. ಕಾಲೇಜು ಪರ ಆಡಬೇಕು ಅಂತ ಅದರಲ್ಲಿ ಬಹುಪಾಲು ಬಿಟ್ಟುಕೊಡಬೇಕಾಯಿತು, 2024ರಲ್ಲಿ ಅವಳು ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಮೇಲೆ ಕೇಸು ಹಾಕಿದಳು. ಈ ನಿಯಮಗಳು ಬದಲಾಗುತ್ತಾ ಇವೆ, ಹಾಗಾಗಿ ಮಗು ಮೊದಲ ಬಹುಮಾನದ ಚೆಕ್ ತೆಗೆದುಕೊಳ್ಳುವ ಮುಂಚೆ ಆ ವರ್ಷದ ನಿಯಮ ಓದಿ. ಆಡಿದ ಪ್ರತಿ ಟೂರ್ನಿಯ ಬಹುಮಾನ, ಟಿಕೆಟ್, ರೂಮಿನ ರಸೀದಿ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಕಾಲೇಜು ಕೇಳುವುದೂ ಅದನ್ನೇ, ಪ್ರಾಯೋಜಕರು ಕೇಳುವುದೂ ಅದನ್ನೇ.